ನಗರದ ಫೋಟೊದಲ್ಲಿ ವಲಸಿಗರು ಎಲ್ಲಿದ್ದಾರೆ?

ನಗರದ ವೈವಿಧ್ಯ ಅಂತ ಹುಡುಕಿದರೆ ಸಿಗುವ ಫೋಟೊಗಳು ಹೆಚ್ಚೂಕಮ್ಮಿ ಒಂದೇ ಥರ ಇರುತ್ತವೆ. ಒಂದು ಮಾರುಕಟ್ಟೆ, ನಾಲ್ಕಾರು ಬಗೆಯ ಮುಖ. ಒಬ್ಬರ ತಲೆಗೆ ಸ್ಕಾರ್ಫ್, ಇನ್ನೊಬ್ಬರ ತಲೆಗೆ ಪೇಟ. ಹಿಂದೆ ಮೂರು ಲಿಪಿಗಳ ಬೋರ್ಡು. ಬೆಳಕು ಚೆನ್ನಾಗಿರುತ್ತದೆ, ಬಣ್ಣಗಳೂ ಚೆನ್ನಾಗಿರುತ್ತವೆ. ಅಂಥದ್ದೊಂದು ಫೋಟೊ ಈಗ ನಿಮ್ಮೆದುರಿನ ಪರದೆಯ ಮೇಲಿದೆ ಅಂದುಕೊಳ್ಳಿ. ಇದರಲ್ಲಿ ವಲಸೆ ಬಂದವರು ಯಾರು ಅಂತ ಕೇಳಿದರೆ ತಕ್ಷಣ ಬೆರಳು ತೋರಿಸಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಆ ಪೇಟದವರು ಅದೇ ಬೀದಿಯಲ್ಲಿ ಹುಟ್ಟಿದವರಿರಬಹುದು. ಅವರ ಅಪ್ಪನೂ ಅಲ್ಲೇ ಹುಟ್ಟಿರಬಹುದು. ಪಕ್ಕದಲ್ಲಿ ಜೀನ್ಸ್ ತೊಟ್ಟು ನಿಂತ ಬಿಳಿ ಹುಡುಗ ಹೋದ ತಿಂಗಳಷ್ಟೇ ಬಂದಿಳಿದಿರಬಹುದು, ಅವನ ವೀಸಾ ಇನ್ನೇನು ಮುಗಿಯುತ್ತಿರಬಹುದು. ಫೋಟೊ ಇದ್ಯಾವುದನ್ನೂ ಹೇಳುವುದಿಲ್ಲ. ಹೇಳಿತು ಅಂತ ನಾವು ಅಂದುಕೊಳ್ಳುತ್ತೇವೆ.

ನಾನು ಇವತ್ತು ಹೇಳಬೇಕು ಅಂದುಕೊಂಡು ಬಂದಿದ್ದು ಇಷ್ಟೇ. ವಲಸೆಯ ಸಂಶೋಧನೆಯಲ್ಲಿ ಫೋಟೊವನ್ನು ಸಾಕ್ಷಿ ಮಾಡಿಕೊಂಡರೆ ಅದು ಬಹಳ ಬೇಗ ದಾರಿ ತಪ್ಪಿಸುತ್ತದೆ. ಮಾತು ಶುರು ಮಾಡುವುದಕ್ಕೆ ಬಳಸಿಕೊಂಡರೆ ಅದರಷ್ಟು ಕೆಲಸಕ್ಕೆ ಬರುವುದು ಇನ್ನೊಂದಿಲ್ಲ.

2007ರಲ್ಲಿ ಸ್ಟೀವನ್ ವರ್ಟೊವೆಕ್ ಎಂಬ ಮಾನವಶಾಸ್ತ್ರಜ್ಞರು ಬ್ರಿಟನ್ನಿನ, ಅದರಲ್ಲೂ ಲಂಡನ್ನಿನ ವಲಸೆಯ ಬಗ್ಗೆ ಒಂದು ಲೇಖನ ಬರೆದರು. 'ಸೂಪರ್ ಡೈವರ್ಸಿಟಿ' ಎಂಬ ಮಾತು ಚಾಲ್ತಿಗೆ ಬಂದಿದ್ದು ಅಲ್ಲಿಂದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿಗೆ ಜನ ಬಂದಿದ್ದು ಹೆಚ್ಚಾಗಿ ಹಳೆಯ ವಸಾಹತುಗಳಿಂದ, ದೊಡ್ಡ ದೊಡ್ಡ ಗುಂಪುಗಳಲ್ಲಿ. ತೊಂಬತ್ತರ ದಶಕದಿಂದ ಈಚೆಗೆ ಲೆಕ್ಕ ಬದಲಾಯಿತು. ಎಷ್ಟೋ ದೇಶಗಳಿಂದ ಸಣ್ಣ ಸಣ್ಣ ಗುಂಪುಗಳು ಬಂದವು. ಒಂದೇ ದೇಶದಿಂದ ಬಂದವರಲ್ಲೂ ಒಬ್ಬರು ಕೆಲಸದ ವೀಸಾದಲ್ಲಿ, ಒಬ್ಬರು ವಿದ್ಯಾರ್ಥಿಯಾಗಿ, ಒಬ್ಬರು ಮದುವೆಯಾಗಿ, ಒಬ್ಬರು ಆಶ್ರಯ ಕೇಳಿಕೊಂಡು, ಇನ್ನೊಬ್ಬರು ಯಾವ ಕಾಗದವೂ ಇಲ್ಲದೆ. ಯಾವ ದೇಶದವರು ಅನ್ನುವುದರಷ್ಟೇ ಯಾವ ದಾರಿಯಲ್ಲಿ ಬಂದರು, ಯಾವ ಹಕ್ಕು ಇದೆ, ವಯಸ್ಸೆಷ್ಟು, ಹೆಣ್ಣೋ ಗಂಡೋ, ಯಾವ ಬಡಾವಣೆಗೆ ಬಂದು ಬಿದ್ದರು ಅನ್ನುವುದೂ ಮುಖ್ಯ ಅಂತ ಅವರು ವಾದಿಸಿದರು.

ಈಗ ಇದನ್ನು ಕ್ಯಾಮೆರಾ ಹಿಡಿದವರ ಕಡೆಯಿಂದ ಯೋಚಿಸಿ. ಒಂದೇ ಊರಿನಿಂದ ಬಂದ ಇಬ್ಬರು ಒಂದೇ ಬೆಂಚಿನ ಮೇಲೆ ಕೂತಿದ್ದಾರೆ. ಒಬ್ಬರಿಗೆ ಪೌರತ್ವ ಇದೆ. ಇನ್ನೊಬ್ಬರಿಗೆ ಕೆಲಸ ಮಾಡುವ ಹಕ್ಕೂ ಇಲ್ಲ. ಅವರಿಬ್ಬರ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಅದು. ಲೆನ್ಸಿಗೆ ಮಾತ್ರ ಅದು ಸಿಗುವುದೇ ಇಲ್ಲ. ಸಿಗುವುದು ಚರ್ಮದ ಬಣ್ಣ, ಬಟ್ಟೆ, ಬೋರ್ಡಿನ ಲಿಪಿ. ಆ ಲೇಖನ ಯಾವುದನ್ನು ಮಾತ್ರ ನೋಡಿದರೆ ಸಾಲದು ಅಂದಿತೋ, ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುವುದು ಅದೇ.

ಸ್ವಲ್ಪ ಹಿಂದಕ್ಕೆ ಹೋಗೋಣ. ಕ್ಯಾಮೆರಾಕ್ಕೂ ವಲಸೆಗೂ ನಂಟು ಬೆಳೆದ ರೀತಿ ಅಷ್ಟೇನೂ ಸುಂದರವಾಗಿಲ್ಲ. ಅಮೆರಿಕ 1882ರಲ್ಲಿ ಚೀನೀ ಕಾರ್ಮಿಕರು ಬರದಂತೆ ಕಾನೂನು ಮಾಡಿತು. 1892ರಲ್ಲಿ ಬಂದ ಗೀರಿ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆಗಲೇ ಅಲ್ಲಿ ನೆಲೆಸಿದ್ದ ಚೀನೀ ಕಾರ್ಮಿಕರು ವಾಸದ ಪ್ರಮಾಣಪತ್ರ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಬಂಧನ, ಗಡೀಪಾರು. ಮರುವರ್ಷದ ತಿದ್ದುಪಡಿಯಲ್ಲಿ ಆ ಪತ್ರಕ್ಕೆ ಫೋಟೊ ಅಂಟಿಸುವುದು ಕಡ್ಡಾಯವಾಯಿತು. ಉಳಿದ ವಲಸಿಗರಿಗೆ ಆಗ ಇಂಥ ನಿಯಮ ಇರಲಿಲ್ಲ. ಚೀನೀ ಸಮುದಾಯ ಗೀರಿ ಕಾಯ್ದೆಯನ್ನು ಮೊದಲಿನಿಂದಲೇ ವಿರೋಧಿಸಿತ್ತು, ದೊಡ್ಡ ಸಂಖ್ಯೆಯಲ್ಲಿ ಜನ ನೋಂದಣಿಗೇ ಹೋಗಲಿಲ್ಲ. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಕೋರ್ಟು ಕಾನೂನಿನ ಪರ ನಿಂತಿತು. ಹಾಗಾಗಿ ವಲಸಿಗರೊಬ್ಬರು ಕ್ಯಾಮೆರಾ ಕಂಡು ಮುಖ ತಿರುಗಿಸಿದರೆ 'ನಾಚಿಕೆ ಸ್ವಭಾವ' ಅಂತ ಬರೆದುಕೊಳ್ಳಬೇಡಿ. ಆ ಭಯಕ್ಕೆ ನೂರಕ್ಕೂ ಜಾಸ್ತಿ ವರ್ಷದ ಕಾರಣ ಇದೆ.

ಅದೇ ಕಾಲದಲ್ಲಿ ನ್ಯೂಯಾರ್ಕಿನಲ್ಲಿ ಜೇಕಬ್ ರೀಸ್ ಇದ್ದರು. ಇವರ ಹೆಸರು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಡೆನ್ಮಾರ್ಕಿನಲ್ಲಿ ಹುಟ್ಟಿದವರು, 1870ರಲ್ಲಿ ಅಮೆರಿಕಕ್ಕೆ ಬಂದರು. ಕೆಲಸವಿಲ್ಲದೆ ಅಲೆದರು, ಗತಿಯಿಲ್ಲದವರಿಗೆ ಪೊಲೀಸರು ಕೊಡುತ್ತಿದ್ದ ತಂಗುಕೋಣೆಯಲ್ಲಿ ಮಲಗಿದರು. ಆಮೇಲೆ ಪೊಲೀಸ್ ಸುದ್ದಿ ಬರೆಯುವ ವರದಿಗಾರರಾದರು. ಮೆಗ್ನೀಸಿಯಂ ಪುಡಿಯ ಫ್ಲ್ಯಾಶ್ ಆಗ ಹೊಸದು. ಅದನ್ನು ಹಿಡಿದು ರಾತ್ರಿ ಹೊತ್ತು ಕಿಕ್ಕಿರಿದ ವಠಾರಗಳಿಗೆ ನುಗ್ಗಿ ಫೋಟೊ ತೆಗೆದರು. ಒಮ್ಮೆ ಕುರುಡ ಭಿಕ್ಷುಕರಿದ್ದ ಕೋಣೆಯಲ್ಲಿ ಆ ಫ್ಲ್ಯಾಶಿನಿಂದ ಗೋಡೆಗೆ ನೇತುಹಾಕಿದ್ದ ಕಾಗದ, ಚಿಂದಿಗೇ ಬೆಂಕಿ ಹತ್ತಿತ್ತು. ಇದನ್ನು ಅವರೇ ಬರೆದುಕೊಂಡಿದ್ದಾರೆ. 1890ರಲ್ಲಿ ಬಂದ ಅವರ ಪುಸ್ತಕ ಇಡೀ ನಗರವನ್ನು ಅಲುಗಾಡಿಸಿತು. ವಠಾರಗಳ ಸುಧಾರಣೆಗೆ ಅದರಿಂದ ಬಲ ಬಂತು. ಇದು ಸಣ್ಣ ಕೆಲಸ ಅಲ್ಲ. ಆದರೆ ಪುಸ್ತಕ ತೆರೆದು ನೋಡಿದರೆ ಇಟಲಿಯವರು ಹೀಗೆ, ಚೀನಾದವರು ಹಾಗೆ, ಯಹೂದಿಗಳು ಹೀಗೆ ಅಂತ ಜನಾಂಗಕ್ಕೊಂದು ಗುಣ ಅಂಟಿಸುತ್ತಾ ಹೋಗುತ್ತದೆ. ಸ್ವತಃ ವಲಸೆ ಬಂದವರು, ಸ್ವತಃ ಬೀದಿಯಲ್ಲಿದ್ದವರು, ಆದರೂ ಹೀಗೆ ಬರೆದರು. ವಲಸಿಗರೇ ಕ್ಯಾಮೆರಾ ಹಿಡಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ರೀಸ್ ಅವರನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ನ್ಯೂಯಾರ್ಕ್ ಬಂದರಿನಲ್ಲಿ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ದ್ವೀಪದಲ್ಲಿ ಅಗಸ್ಟಸ್ ಶರ್ಮನ್ ಅಂತ ಒಬ್ಬ ಗುಮಾಸ್ತರಿದ್ದರು. ಫೋಟೊ ತೆಗೆಯುವುದು ಅವರ ಹವ್ಯಾಸ. ಆ ದ್ವೀಪದ ಮೂಲಕ 1892ರಿಂದ 1954ರವರೆಗೆ ಸುಮಾರು 1.2 ಕೋಟಿ ಜನ ಅಮೆರಿಕಕ್ಕೆ ಬಂದರು. ಶರ್ಮನ್ ತೆಗೆದ ಫೋಟೊಗಳಲ್ಲಿ ಹಲವರು ತಮ್ಮ ಊರಿನ ಉಡುಗೆಯಲ್ಲಿ ನಿಂತಿದ್ದಾರೆ, ಕಸೂತಿಯ ರವಿಕೆ, ಕುರಿಚರ್ಮದ ಕೋಟು. ಹಡಗಿನ ಕೆಳಗಿನ ದರ್ಜೆಯಲ್ಲಿ ವಾರಗಟ್ಟಲೆ ಪ್ರಯಾಣ ಮಾಡಿದವರು ಹೀಗೆ ಸಿಂಗರಿಸಿಕೊಂಡು ಬಂದಿಳಿದರೇ? ಅವರಲ್ಲಿ ಎಷ್ಟೋ ಜನ ತಡೆಹಿಡಿಯಲ್ಪಟ್ಟವರು. ಯಾರೋ ನೆಂಟರು ಬರಬೇಕು, ಹಣ ಬರಬೇಕು, ವಿಚಾರಣೆ ಮುಗಿಯಬೇಕು ಅಂತ ಕಾಯುತ್ತಿದ್ದವರು. ಅದಕ್ಕೇ ಫೋಟೊಗೆ ನಿಲ್ಲಲು ಅವರಿಗೆ ಹೊತ್ತು ಇತ್ತು. ಹೆಚ್ಚಿನ ಫೋಟೊಗಳ ಕೆಳಗೆ ಅವರ ಹೆಸರಿಲ್ಲ, 'ರುಮೇನಿಯಾದ ಕುರುಬ' ಅನ್ನುವ ಥರದ ಬರಹ ಇದೆ. ಇವತ್ತು ಅವುಗಳನ್ನು ನೋಡಿದವರು ಎಷ್ಟು ವೈವಿಧ್ಯ ಅಂತ ಖುಷಿಪಡುತ್ತಾರೆ. ಫೋಟೊದಲ್ಲಿರುವವರು ಆ ಹೊತ್ತಿಗೆ ಯೋಚಿಸುತ್ತಿದ್ದಿದ್ದು ನನ್ನನ್ನು ಒಳಗೆ ಬಿಡುತ್ತಾರೋ ವಾಪಸ್ ಕಳಿಸುತ್ತಾರೋ ಅಂತ ಇರಬೇಕು.

ಇನ್ನೊಂದು ಫೋಟೊ ಹೇಳುತ್ತೇನೆ. ಜರ್ಮನಿಯವರಿಗೆ ಇದು ಚೆನ್ನಾಗಿ ಗೊತ್ತು. 1964ರ ಸೆಪ್ಟೆಂಬರ್ 10, ಕೊಲೋನ್ ನಗರದ ಡಾಯ್ಟ್ಸ್ ರೈಲು ನಿಲ್ದಾಣ. ಪಶ್ಚಿಮ ಜರ್ಮನಿ ಹೊರದೇಶಗಳಿಂದ ದುಡಿಮೆಗೆ ಕರೆಸಿಕೊಂಡ ಹತ್ತು ಲಕ್ಷನೆಯ 'ಅತಿಥಿ ಕಾರ್ಮಿಕ' ಅಂತ ಪೋರ್ಚುಗಲ್ಲಿನ ಬಡಗಿ ಅರ್ಮಾಂದೊ ರೊಡ್ರಿಗಸ್ ದೆ ಸಾ ಅವರನ್ನು ಆರಿಸಿ, ಕೈಗೆ ಹೂವು ಕೊಟ್ಟು, ಒಂದು ಮೊಪೆಡ್ ಉಡುಗೊರೆ ಕೊಟ್ಟರು. ತಲೆಗೆ ಟೋಪಿ, ಮೊಪೆಡ್ ಮೇಲೆ ಕೂತ ಮನುಷ್ಯ, ಸುತ್ತ ಪತ್ರಕರ್ತರು. ಮೈಕಿನಲ್ಲಿ ತಮ್ಮ ಹೆಸರು ಕರೆದಾಗ ಅವರಿಗೆ ಭಯವಾಗಿತ್ತಂತೆ, ಎಲ್ಲಿ ವಾಪಸ್ ಕಳಿಸುತ್ತಾರೋ ಅಂತ. ಜರ್ಮನಿಯ ಶಾಲಾ ಪುಸ್ತಕಗಳಿಗೂ ಈ ಫೋಟೊ ಹೋಯಿತು. ಮೊಪೆಡ್ ಬಾನ್ ನಗರದ ಮ್ಯೂಸಿಯಂ ಸೇರಿತು. ಆ ಮನುಷ್ಯ? ಕಾಯಿಲೆ ಬಿದ್ದು ಊರಿಗೆ ಮರಳಿದರು. ಜರ್ಮನಿಯ ಆರೋಗ್ಯ ವಿಮೆಯಿಂದ ತಮಗೆ ಹಣ ಬರಬೇಕು ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಕೂಡಿಟ್ಟಿದ್ದೆಲ್ಲ ಔಷಧೋಪಚಾರಕ್ಕೆ ಹೋಯಿತು. 1979ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಷ್ಟು ಹೊತ್ತಿಗೆ ಜರ್ಮನಿ ಹೊಸ ಕಾರ್ಮಿಕರನ್ನು ಕರೆಸುವುದನ್ನೇ ನಿಲ್ಲಿಸಿ ಆರು ವರ್ಷ ಆಗಿತ್ತು. ಅವತ್ತು ನಿಲ್ದಾಣದಲ್ಲಿ ತೆಗೆದ ಫೋಟೊ ಸುಳ್ಳೇನಲ್ಲ. ಸ್ವಾಗತ ನಡೆದಿದ್ದು ನಿಜ. ಆದರೆ ಸ್ವಾಗತದ ದಿನ ಕ್ಯಾಮೆರಾಗಳು ಬರುತ್ತವೆ, ವಿಮೆಯ ಅರ್ಜಿ ತುಂಬಬೇಕಾದ ದಿನ ಯಾರೂ ಬರುವುದಿಲ್ಲ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿಯುತ್ತೇನೆ, ಮನ್ನಿಸಿ. ಕ್ಯಾಮೆರಾ ಹಿಡಿದವರ ಕಣ್ಣಿನ ಬಗ್ಗೆ ಮಾತಾಡುತ್ತೇವೆ, ಕ್ಯಾಮೆರಾದೊಳಗಿನ ಫಿಲ್ಮಿನ ಬಗ್ಗೆ ಕಡಿಮೆ. ಬಣ್ಣದ ಫಿಲ್ಮಿನ ಕಾಲದಲ್ಲಿ ಪ್ರಿಂಟಿನ ಬಣ್ಣ ಸರಿಯಾಗಿದೆಯೇ ಅಂತ ನೋಡಲು ಲ್ಯಾಬುಗಳಲ್ಲಿ ಒಂದು ಮಾದರಿ ಕಾರ್ಡ್ ಇರುತ್ತಿತ್ತು. ಕೊಡಾಕ್‌ನ ಕಾರ್ಡಿಗೆ 'ಷರ್ಲಿ ಕಾರ್ಡ್' ಅಂತಲೇ ಹೆಸರು. ಅದರಲ್ಲಿ ಇರುತ್ತಿದ್ದದ್ದು ಬಿಳಿ ಹೆಣ್ಣುಮಗಳು. ಅವಳ ಚರ್ಮ ಸರಿಯಾಗಿ ಬಂದರೆ ಎಲ್ಲ ಸರಿ. ಶಾಲೆಯ ತರಗತಿಯ ಫೋಟೊದಲ್ಲಿ ಬಿಳಿ ಮಕ್ಕಳೂ ಕಪ್ಪು ಮಕ್ಕಳೂ ಪಕ್ಕಪಕ್ಕ ಕೂತರೆ ಕಪ್ಪು ಮಕ್ಕಳ ಮುಖದಲ್ಲಿ ಕಣ್ಣು, ಹಲ್ಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ತಾಯಂದಿರು ದೂರಿದರು. ಆದರೆ ಕಂದು ಬಣ್ಣದ ಛಾಯೆಗಳನ್ನು ಸುಧಾರಿಸುವ ಒತ್ತಡ ಜೋರಾಗಿ ಬಂದಿದ್ದು ಚಾಕೊಲೇಟ್ ಮತ್ತು ಮರದ ಪೀಠೋಪಕರಣ ಮಾಡುವ ಕಂಪನಿಗಳಿಂದ ಅಂತ ಕೊಡಾಕ್‌ನಲ್ಲಿ ಇದ್ದವರೇ ಹೇಳಿಕೊಂಡಿದ್ದಾರೆ. ಅವರ ಜಾಹೀರಾತಿನಲ್ಲಿ ಮರ ಮರದ ಹಾಗೆ ಕಾಣಬೇಕಿತ್ತಲ್ಲ! ಅರವತ್ತು, ಎಪ್ಪತ್ತರ ದಶಕದ ವಲಸಿಗರ ಬಣ್ಣದ ಫೋಟೊಗಳನ್ನು ಆರ್ಕೈವಿನಲ್ಲಿ ನೋಡುವಾಗ ಇದು ನೆನಪಿರಲಿ. ಮುಖ ಕತ್ತಲೆಯಲ್ಲಿದ್ದರೆ ಬೆಳಕು ಕಡಿಮೆ ಇತ್ತು ಅಂತಲೇ ಅರ್ಥ ಅಲ್ಲ.

ಸರಿ, ಫೋಟೊ ಇಷ್ಟೆಲ್ಲ ಮುಚ್ಚಿಡುತ್ತದೆ ಅಂದಮೇಲೆ ಸಂಶೋಧನೆಗೆ ಅದು ಯಾಕೆ ಬೇಕು? ಸುಮ್ನೆ ಕೂತು ಮಾತಾಡಿಸಿದರೆ ಆಗುವುದಿಲ್ಲವೇ?

ಇದಕ್ಕೆ ಉತ್ತರ ಕೊಟ್ಟವರಲ್ಲಿ ಜಾನ್ ಕಾಲಿಯರ್ ಜೂನಿಯರ್ ಮೊದಲಿಗರು. ಅವರು ಫೋಟೊಗ್ರಾಫರ್, ಐವತ್ತರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ತಂಡದ ಜೊತೆ ಕೆನಡಾದ ಪೂರ್ವ ಕರಾವಳಿಯಲ್ಲಿ ಕೆಲಸ ಮಾಡಿದರು. ಅಲ್ಲಿನ ಸಮುದಾಯಗಳು ಬದಲಾವಣೆಯ ಹೊಡೆತಕ್ಕೆ ಸಿಕ್ಕಿದ್ದವು. ತಂಡ ಎರಡು ಬಗೆಯಲ್ಲಿ ಸಂದರ್ಶನ ಮಾಡಿ ನೋಡಿತು, ಫೋಟೊ ಎದುರಿಗಿಟ್ಟುಕೊಂಡು ಮತ್ತು ಫೋಟೊ ಇಲ್ಲದೆ. ಫೋಟೊ ಇದ್ದಾಗ ಉತ್ತರಗಳು ಹೆಚ್ಚು ಖಚಿತವಾಗಿದ್ದವು, ನೆನಪು ಚುರುಕಾಗುತ್ತಿತ್ತು, ಜನ ಬೇಗ ದಣಿಯುತ್ತಿರಲಿಲ್ಲ. 1957ರಲ್ಲಿ ಅವರು ಇದನ್ನು ಪ್ರಕಟಿಸಿದರು. ಇವತ್ತು ಫೋಟೊ ಎಲಿಸಿಟೇಷನ್ ಅಂತ ಕರೆಯುವ ವಿಧಾನಕ್ಕೆ ಬುನಾದಿ ಅದು.

ಯಾಕೆ ಹೀಗಾಗುತ್ತದೆ? ಸಂದರ್ಶನದಲ್ಲಿ ನೀವು ಎದುರಿನವರ ಮುಖ ನೋಡುತ್ತಾ ಪ್ರಶ್ನೆ ಕೇಳುತ್ತೀರಿ. ವಲಸೆ ಕಚೇರಿಯಲ್ಲಿ ಅಧಿಕಾರಿ ಕೇಳುವುದೂ ಹಾಗೇ. ಯಾವಾಗ ಬಂದಿರಿ, ಯಾಕೆ ಬಂದಿರಿ, ಯಾರ ಜೊತೆ ಇದ್ದೀರಿ. ಆ ಪ್ರಶ್ನೆಗಳಿಗೆ ಜನರ ಹತ್ತಿರ ಸಿದ್ಧ ಉತ್ತರ ಇರುತ್ತದೆ, ಇರಲೇಬೇಕು. ಮಧ್ಯೆ ಒಂದು ಫೋಟೊ ಇಟ್ಟರೆ ಇಬ್ಬರೂ ಅದನ್ನು ನೋಡುತ್ತೀರಿ. ಪರೀಕ್ಷೆ ಫೋಟೊಗೆ, ಅವರಿಗಲ್ಲ. ಅವರು ತಿಳಿದವರಾಗುತ್ತಾರೆ, ನೀವು ಕೇಳಿ ತಿಳಿಯುವವರಾಗುತ್ತೀರಿ.

ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ಬೀದಿ ಮೂಲೆಯ ಒಂದು ಫೋಟೊ. ನೀವು ತೆಗೆದಿದ್ದು ಕೆಳಗಿನ ಅಂಗಡಿಯ ಬಣ್ಣದ ಬೋರ್ಡಿಗಾಗಿ, ಎರಡು ಭಾಷೆ ಇದೆ ಅಂತ. ಅಲ್ಲಿ ಇಪ್ಪತ್ತು ವರ್ಷದಿಂದ ಇರುವ ಒಬ್ಬರ ಕೈಗೆ ಕೊಡುತ್ತೀರಿ. ಅವರು ಬೋರ್ಡನ್ನು ನೋಡುವುದೇ ಇಲ್ಲ. "ಆ ಮೇಲಿನ ಕಿಟಕಿ ಇದೆಯಲ್ಲ, ಬಂದ ಹೊಸತರಲ್ಲಿ ಅಲ್ಲಿ ಆರು ಜನ ಇದ್ದೆವು. ಹಗಲು ಪಾಳಿಯವರು ಎದ್ದ ಹಾಸಿಗೆಯಲ್ಲೇ ರಾತ್ರಿ ಪಾಳಿಯವರು ಮಲಗುತ್ತಿದ್ದೆವು" ಅನ್ನುತ್ತಾರೆ. ಬಾಡಿಗೆ ಒಪ್ಪಂದ ಯಾರ ಹೆಸರಿನಲ್ಲಿತ್ತು ಅನ್ನುವ ಮಾತು ತಾನಾಗಿ ಬರುತ್ತದೆ. ಅದೇ ಫೋಟೊವನ್ನು ಈಗ ಆ ಕಟ್ಟಡಕ್ಕೆ ಹೊಸದಾಗಿ ಬಂದ ಹುಡುಗಿಗೆ ಕೊಟ್ಟರೆ ಅವಳು ಬಸ್ ನಿಲ್ದಾಣದ ಕಡೆ ಬೆರಳಿಡುತ್ತಾಳೆ. ರಾತ್ರಿ ಹತ್ತರ ಮೇಲೆ ಅಲ್ಲಿ ಇಳಿಯುವುದಿಲ್ಲ, ಒಂದು ಸ್ಟಾಪ್ ಮುಂದೆ ಹೋಗಿ ನಡೆದು ಬರುತ್ತೇನೆ ಅನ್ನುತ್ತಾಳೆ. ನಿಮ್ಮ ಪ್ರಶ್ನಾವಳಿಯಲ್ಲಿ ಕಿಟಕಿಯೂ ಇರಲಿಲ್ಲ, ಬಸ್ ನಿಲ್ದಾಣವೂ ಇರಲಿಲ್ಲ. ಒಂದೇ ಫೋಟೊವನ್ನು ಹಲವರಿಗೆ ತೋರಿಸುವುದು ಇದಕ್ಕೇ. ಅವರ ಉತ್ತರಗಳು ಎಲ್ಲಿ ಬೇರೆಯಾಗುತ್ತವೋ ವೈವಿಧ್ಯ ಇರುವುದು ಅಲ್ಲಿ. ಮತ್ತೆ, 'ಇದೇನು' ಅಂತ ಕೇಳಬೇಡಿ. 'ಇದರಲ್ಲಿ ಏನು ಬಂದಿಲ್ಲ' ಅಂತ ಕೇಳಿ. ನನ್ನ ಅನುಭವದಲ್ಲಿ ಎರಡನೆಯ ಪ್ರಶ್ನೆಗೆ ಮಾತು ನಿಲ್ಲುವುದೇ ಇಲ್ಲ.

ಇನ್ನೊಂದು ವಿಧಾನ, ಕ್ಯಾಮೆರಾವನ್ನೇ ಕೊಟ್ಟುಬಿಡುವುದು. ತೊಂಬತ್ತರ ದಶಕದ ಮೊದಲಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ ಚೀನಾದ ಯುನ್ನಾನ್ ಪ್ರಾಂತ್ಯದ ಹಳ್ಳಿಗಳ ಹೆಂಗಸರ ಜೊತೆ ಇದನ್ನು ಮಾಡಿದರು. ಹೆಂಗಸರು ತಮ್ಮ ದಿನಚರಿಯ ಫೋಟೊ ತೆಗೆದು, ಅದರ ಬಗ್ಗೆ ಮಾತಾಡಿ, ಅಧಿಕಾರಿಗಳ ಎದುರಿಗಿಟ್ಟರು. ಫೋಟೊವಾಯ್ಸ್ ಅಂತ ಅದಕ್ಕೆ ಹೆಸರಾಯಿತು. ಈಗ ನಿರಾಶ್ರಿತರ ಜೊತೆ, ವಲಸೆ ಕಾರ್ಮಿಕರ ಜೊತೆ ಎಲ್ಲ ಕಡೆ ನಡೆಯುತ್ತದೆ. ನನಗೆ ಇದರ ಮೇಲೆ ಪ್ರೀತಿಯೂ ಇದೆ, ಅನುಮಾನವೂ ಇದೆ. ಪ್ರದರ್ಶನದ ದಿನ ಗೋಡೆಗೆ ಹಾಕುವ ಫೋಟೊಗಳನ್ನು ಆರಿಸುವವರು ಯಾರು ಅಂತ ಕೇಳಿ ನೋಡಿ. ಎಷ್ಟೋ ಸಲ ಅದು ಸಂಶೋಧಕರು, ಇಲ್ಲವೇ ಹಣ ಕೊಟ್ಟ ಸಂಸ್ಥೆ. ಹೂಕುಂಡದ ಫೋಟೊ, ಟಿವಿಯ ಫೋಟೊ ಪಕ್ಕಕ್ಕೆ ಹೋಗುತ್ತವೆ. ಕಷ್ಟ ಕಾಣುವ ಫೋಟೊ ಗೋಡೆಗೆ ಏರುತ್ತದೆ. ಕ್ಯಾಮೆರಾ ಕೊಟ್ಟೆವು, ಆಯ್ಕೆ ಕೊಡಲಿಲ್ಲ.

ಸಂಶೋಧಕರು ಯಾರೂ ಕ್ಯಾಮೆರಾ ಕೊಡದೆಯೂ ಜನ ತಮ್ಮ ಫೋಟೊ ತಾವೇ ತೆಗೆದುಕೊಂಡಿದ್ದಾರೆ, ತೆಗೆಸಿಕೊಂಡಿದ್ದಾರೆ. ವ್ಯಾನ್ಲಿ ಬರ್ಕ್ ಜಮೈಕಾದಿಂದ 1965ರಲ್ಲಿ ಹುಡುಗನಾಗಿದ್ದಾಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಬಂದು, ಅಲ್ಲಿನ ಹ್ಯಾಂಡ್ಸ್‌ವರ್ತ್ ಬಡಾವಣೆಯ ತಮ್ಮ ಜನರ ಮದುವೆ, ಸಾವು, ಚರ್ಚು, ಮೆರವಣಿಗೆ ಎಲ್ಲವನ್ನೂ ದಶಕಗಳ ಕಾಲ ತೆಗೆದರು. ಇಂಗ್ಲೆಂಡಿನದೇ ಬ್ರಾಡ್‌ಫರ್ಡಿನಲ್ಲಿ ಬೆಲ್ ವ್ಯೂ ಅಂತ ಒಂದು ಸ್ಟುಡಿಯೊ ಇತ್ತು. ಅಲ್ಲಿನ ಬಟ್ಟೆ ಗಿರಣಿಗಳಿಗೆ ದಕ್ಷಿಣ ಏಷ್ಯಾದಿಂದ, ಕೆರಿಬಿಯನ್ನಿಂದ, ಪೂರ್ವ ಯುರೋಪಿನಿಂದ ಬಂದವರು ಸೂಟು ಹಾಕಿಕೊಂಡು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು, ಕೈಗಡಿಯಾರ ಕಾಣುವ ಹಾಗೆ ಕೈಯಿಟ್ಟು ಫೋಟೊ ತೆಗೆಸಿಕೊಂಡು ಊರಿಗೆ ಕಳಿಸುತ್ತಿದ್ದರು. 1975ರಲ್ಲಿ ಸ್ಟುಡಿಯೊ ಮುಚ್ಚಿತು. ಸಾವಿರಾರು ಗಾಜಿನ ನೆಗೆಟಿವ್‌ಗಳು ಉಳಿದವು, ಈಗ ನಗರದ ಮ್ಯೂಸಿಯಂನಲ್ಲಿವೆ. ಗಿರಣಿಯ ರಾತ್ರಿ ಪಾಳಿ ಆ ಫೋಟೊಗಳಲ್ಲಿ ಎಲ್ಲೂ ಇಲ್ಲ. ಅದನ್ನು ಸುಳ್ಳು ಅನ್ನುತ್ತೀರಾ? ನಾನು ಅನ್ನುವುದಿಲ್ಲ. ಊರಿನಲ್ಲಿ ಸಾಲ ಕೊಟ್ಟವರಿಗೆ, ಹೆಣ್ಣು ಕೊಡುವವರಿಗೆ, ಅಮ್ಮನಿಗೆ ಬರೆದ ಪತ್ರ ಅದು. ಇಪ್ಪತ್ತನೇ ಶತಮಾನದ ಮೊದಲಲ್ಲಿ ಅಮೆರಿಕದಲ್ಲಿದ್ದ ಜಪಾನೀ ಗಂಡಸರು ಊರಿಗೆ ಫೋಟೊ ಕಳಿಸಿ, ಫೋಟೊ ತರಿಸಿಕೊಂಡು ಮದುವೆಯಾಗುತ್ತಿದ್ದರು. ಕೆಲವರು ಹಳೆಯ ಫೋಟೊ ಕಳಿಸಿದರು, ಕೆಲವರು ಸಾಲದ ಸೂಟಿನಲ್ಲಿ ನಿಂತರು. ಹಡಗಿನಿಂದ ಇಳಿದ ಹೆಣ್ಣುಮಕ್ಕಳು ಫೋಟೊ ಹಿಡಿದು ಗಂಡನನ್ನು ಹುಡುಕಬೇಕಿತ್ತು. ಜಪಾನ್ ಸರ್ಕಾರ 1920ರಲ್ಲಿ ಇಂಥ ವಧುಗಳಿಗೆ ಪಾಸ್‌ಪೋರ್ಟ್ ಕೊಡುವುದನ್ನು ನಿಲ್ಲಿಸಿತು.

ಇನ್ನು ಬೀದಿಗಳು, ಕಟ್ಟಡಗಳು. ಬದಲಾಗುವ ನಗರ ಅಂದಾಗ ಎಲ್ಲರೂ ಲಂಡನ್ನಿನ ಬ್ರಿಕ್ ಲೇನ್ ಹೇಳುತ್ತಾರೆ. ನಾನೂ ಹೇಳುತ್ತೇನೆ, ಯಾಕೆಂದರೆ ಅದು ನಿಜಕ್ಕೂ ಚೆನ್ನಾಗಿದೆ. 1743ರಲ್ಲಿ ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟರು ಅಲ್ಲೊಂದು ಪ್ರಾರ್ಥನಾ ಮಂದಿರ ಕಟ್ಟಿದರು. ಮುಂದೆ ಅದು ಮೆಥೊಡಿಸ್ಟರ ಕೈಗೆ ಹೋಯಿತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಪೂರ್ವ ಯುರೋಪಿನ ಯಹೂದಿಗಳ ಸಿನಗಾಗ್ ಆಯಿತು. 1976ರಿಂದ ಅದು ಮಸೀದಿ, ಅಲ್ಲಿಗೆ ಬಂದ ಬಾಂಗ್ಲಾದೇಶದವರದ್ದು. ಗೋಡೆಯ ಮೇಲೆ 1743ರ ಸೂರ್ಯ ಗಡಿಯಾರ ಇನ್ನೂ ಇದೆ. ಒಂದೇ ಫೋಟೊದಲ್ಲಿ ಎಲ್ಲ ಬಂತು, ಅಲ್ವಾ? ತೊಂದರೆ ಅಲ್ಲೇ. ಒಬ್ಬರು ಹೋದರು, ಇನ್ನೊಬ್ಬರು ಬಂದರು ಅನ್ನುವ ಕಥೆ ತುಂಬ ನುಣುಪಾಗಿ ಸಿಗುತ್ತದೆ. ಹೋದವರು ಯಾಕೆ ಹೋದರು, ಹೋಗಲಾಗದೆ ಉಳಿದವರು ಯಾರು, ಈಗಿನವರು ಏರುವ ಬಾಡಿಗೆಯಲ್ಲಿ ಎಷ್ಟು ದಿನ ಉಳಿಯಬಲ್ಲರು, ಇದ್ಯಾವುದೂ ಆ ಗೋಡೆಯ ಮೇಲಿಲ್ಲ.

ಇದಕ್ಕಿಂತ ನನಗೆ ಕಮಿಲೊ ಹೋಸೆ ವೆರ್ಗಾರಾ ಅವರ ದಾರಿ ಇಷ್ಟ. ಚಿಲಿಯಿಂದ ಅಮೆರಿಕಕ್ಕೆ ಬಂದವರು. ಎಪ್ಪತ್ತರ ದಶಕದಿಂದ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಅದೇ ಕೋನದಿಂದ ಫೋಟೊ ತೆಗೆಯುತ್ತಾ ಬಂದಿದ್ದಾರೆ. ನ್ಯೂಯಾರ್ಕಿನ ಹಾರ್ಲೆಮಿನ 125ನೇ ಬೀದಿಯ ಒಂದು ಮಳಿಗೆಯನ್ನು 1977ರಿಂದ ಹಿಡಿದಿದ್ದಾರೆ. ರಾತ್ರಿ ಕ್ಲಬ್ ಆಗಿದ್ದದ್ದು ಮುಂದೆ ಸಿಗರೇಟು ಮಾರುವ ಅಂಗಡಿ, ಹಾಸಿಗೆ ಅಂಗಡಿ ಹೀಗೆ ವೇಷ ಬದಲಿಸುತ್ತಾ ಹೋಗುತ್ತದೆ. ಒಂದೊಂದು ಫೋಟೊವೂ ಸಪ್ಪೆ. ಸಾಲಾಗಿ ಇಟ್ಟರೆ ಮಾತ್ರ ಪ್ರಶ್ನೆ ಹುಟ್ಟುತ್ತದೆ, ಈ ಎರಡರ ನಡುವೆ ಏನಾಯಿತು ಅಂತ.

ಕೆಲವೊಮ್ಮೆ ಫೋಟೊ ಸಾಲುವುದೇ ಇಲ್ಲ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನ ಸುಜಾನ್ ಹಾಲ್ ದಕ್ಷಿಣ ಲಂಡನ್ನಿನ ಪೆಕಮ್‌ನಲ್ಲಿರುವ ರೈ ಲೇನ್ ಬೀದಿಯನ್ನು ಅಂಗಡಿ ಅಂಗಡಿ ಹೊಕ್ಕು ಅಧ್ಯಯನ ಮಾಡಿದರು. ಅವರು ಓದಿದ್ದು ವಾಸ್ತುಶಿಲ್ಪ. ಹೊರಗಿನಿಂದ ಒಂದು ಅಂಗಡಿ, ಒಳಗೆ ಹೋದರೆ ಅದು ನಾಲ್ಕಾರು ಪಾಲಾಗಿದೆ. ಮುಂದೆ ಮೊಬೈಲ್, ಪಕ್ಕದಲ್ಲಿ ಊರಿಗೆ ಹಣ ಕಳಿಸುವ ಕೌಂಟರ್, ಹಿಂದೆ ಕೂದಲು, ಉಗುರು. ಬೇರೆ ಬೇರೆ ದೇಶದವರು ಒಂದೇ ಬಾಡಿಗೆ ಹಂಚಿಕೊಂಡಿದ್ದಾರೆ. ಬೋರ್ಡಿನ ಫೋಟೊದಲ್ಲಿ ಇದು ಎಲ್ಲಿ ಸಿಗಬೇಕು? ಅಂಗಡಿಯ ನಕ್ಷೆಯನ್ನೇ ಬಿಡಿಸಬೇಕಾಗುತ್ತದೆ. ನಿಮ್ಮ ಚೀಲದಲ್ಲಿ ಕ್ಯಾಮೆರಾದ ಜೊತೆ ಒಂದು ಪೆನ್ಸಿಲ್ ಇರಲಿ.

ವರ್ಟೊವೆಕ್ ಅವರ ತಂಡ ಜರ್ಮನಿಯ ಗಾಟಿಂಗೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಿಂದ ಮೂರು ನಗರಗಳ ಬಡಾವಣೆಗಳನ್ನು ಹೋಲಿಸಿ ನೋಡಿತು. ನ್ಯೂಯಾರ್ಕಿನ ಅಸ್ಟೋರಿಯಾ, ಸಿಂಗಪುರದ ಜುರಾಂಗ್ ವೆಸ್ಟ್, ಜೊಹಾನ್ಸ್‌ಬರ್ಗಿನ ಹಿಲ್‌ಬ್ರೋ. ಮೂರು ಕಡೆಯೂ ಹಳೆಯ ವೈವಿಧ್ಯದ ಮೇಲೆ ಹೊಸ ವಲಸೆ ಬಂದು ಕೂತಿದೆ. ಈ ಮೂರೂ ಕಡೆಯಿಂದ ಜನ ಬೆರೆತು ನಿಂತಿರುವ ಫೋಟೊ ತಂದರೆ ಮೂರೂ ಒಂದೇ ಥರ ಕಾಣಬಹುದು. ಆದರೆ ಸಿಂಗಪುರದ ಸರ್ಕಾರಿ ವಸತಿ ಕಟ್ಟಡಗಳಲ್ಲಿ 1989ರಿಂದ ಯಾವ ಜನಾಂಗದವರು ಎಷ್ಟು ಪಾಲು ಇರಬಹುದು ಅಂತ ನಿಯಮ ಇದೆ. ಕಟ್ಟಡದ ಕೆಳಗೆ ಬೆರೆತು ಕೂತವರ ಹಿಂದೆ ಆ ಕೋಟಾ ಇದೆ. ಡಾರ್ಮಿಟರಿಗಳಲ್ಲಿರುವ ವಿದೇಶೀ ಕಟ್ಟಡ ಕಾರ್ಮಿಕರು ಆ ಲೆಕ್ಕದಲ್ಲೇ ಇಲ್ಲ. ಹಿಲ್‌ಬ್ರೋ ವರ್ಣಭೇದದ ಕಾನೂನಿನಲ್ಲಿ ಬಿಳಿಯರಿಗೆ ಮಾತ್ರ ಅಂತ ಮೀಸಲಾಗಿದ್ದ ಜಾಗ. ಆ ಕಾನೂನು ಇನ್ನೂ ಇದ್ದಾಗಲೇ ಅದನ್ನು ಮೀರಿ ಕಪ್ಪು ಜನ ಅಲ್ಲಿಗೆ ಬಂದರು, ಆಮೇಲೆ ಆಫ್ರಿಕದ ಬೇರೆ ದೇಶಗಳವರು ಬಂದರು. ಒಂದು ಕಡೆ ಕಾನೂನು ಬೆರೆಸಿತು. ಇನ್ನೊಂದು ಕಡೆ ಕಾನೂನು ಮುರಿದು ಬೆರೆತರು.

ಫೋಟೊ ತೆಗೆದ ಮೇಲಿನ ಜವಾಬ್ದಾರಿಯ ಬಗ್ಗೆ ಪ್ರಶ್ನೆಗಳು ಬರುತ್ತವೆ ಅಂತ ಗೊತ್ತು, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಫೋನಿನಲ್ಲಿ ತೆಗೆದ ಫೋಟೊದೊಳಗೆ ಜಾಗ, ಹೊತ್ತು ಎರಡೂ ದಾಖಲಾಗಿರಬಹುದು. ಕಾಗದಪತ್ರ ಇಲ್ಲದವರ ಮುಖವನ್ನು ಮಸುಕು ಮಾಡಿ, ಫೈಲಿನಲ್ಲಿ ಅವರ ಮನೆಯ ಅಕ್ಷಾಂಶ ರೇಖಾಂಶ ಉಳಿಸಿದರೆ ಏನು ಪ್ರಯೋಜನ? ಹಂಚುವ ಮೊದಲು ಅದನ್ನು ಅಳಿಸಿ. ಒಪ್ಪಿಗೆಯನ್ನು ಒಮ್ಮೆ ಸಹಿ ಹಾಕಿಸಿಕೊಂಡು ಮುಗಿಸಬೇಡಿ. ಇವತ್ತು ಧೈರ್ಯವಾಗಿ ನಿಂತವರಿಗೆ ನಾಳೆ ಅರ್ಜಿ ತಿರಸ್ಕಾರವಾಗಬಹುದು. ಬೇಡ ಅಂತ ಹೇಳುವ ದಾರಿ ಅವರಿಗೆ ಗೊತ್ತಿರಬೇಕು, ನೀವು ಊರು ಬಿಟ್ಟ ಮೇಲೂ. ಇನ್ನೊಂದು ಅಪಾಯದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಬಡಾವಣೆಯ ವೈವಿಧ್ಯದ ಚೆಂದದ ಫೋಟೊ ಸಂಶೋಧನೆಯಿಂದ ಪತ್ರಿಕೆಗೆ, ಪತ್ರಿಕೆಯಿಂದ ಫ್ಲ್ಯಾಟು ಮಾರುವವರ ಜಾಹೀರಾತಿಗೆ ಬಲು ಸಲೀಸಾಗಿ ಹೋಗುತ್ತದೆ. ಬಾಡಿಗೆ ಏರಿದಾಗ ಮೊದಲು ಮನೆ ಖಾಲಿ ಮಾಡುವವರು ಆ ಫೋಟೊದಲ್ಲಿ ನಕ್ಕವರೇ.

ಕೊನೆಯದಾಗಿ ಫೋಟೊದ ಕೆಳಗಿನ ಬರಹ. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ 'ವಲಸಿಗ ತಾಯಿ'ಯ ಫೋಟೊ ನೀವೆಲ್ಲ ನೋಡಿದ್ದೀರಿ. ವಲಸೆಯ ಫೋಟೊ ಅಂದರೆ ಮೊದಲು ನೆನಪಾಗುವುದೇ ಅದು. ಲ್ಯಾಂಗ್ ಆಕೆಯ ವಯಸ್ಸು ಬರೆದುಕೊಂಡರು, ಹೆಸರು ಬರೆದುಕೊಳ್ಳಲಿಲ್ಲ. ಧೂಳಿನ ಬಿರುಗಾಳಿಯಿಂದ ಊರು ಬಿಟ್ಟು ಬಂದ ಬಿಳಿ ರೈತ ಹೆಂಗಸು ಅಂತ ಜಗತ್ತು ತಿಳಿಯಿತು. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅನ್ನುವ ಹೆಸರು ಬೆಳಕಿಗೆ ಬಂದಿದ್ದು 1978ರಲ್ಲಿ, ಒಬ್ಬ ಪತ್ರಕರ್ತರು ಹುಡುಕಿ ಹೋದಾಗ. ಆಕೆ ಅಮೆರಿಕದ ಮೂಲನಿವಾಸಿಗಳಾದ ಚೆರೊಕೀ ಮೂಲದವರು. ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದು ಇಪ್ಪತ್ತರ ದಶಕದಲ್ಲಿ, ಆ ಬಿರುಗಾಳಿಗಳಿಗಿಂತ ಮುಂಚೆಯೇ. ಆ ಫೋಟೊದಿಂದ ತಮಗೆ ಒಂದು ಕಾಸೂ ಬರಲಿಲ್ಲ ಅನ್ನುವ ಸಿಟ್ಟು ಅವರಿಗಿತ್ತು. ಮೂಲ, ಬಂದ ಹೊತ್ತು, ಬಂದ ಕಾರಣ, ಮೂರೂ ತಪ್ಪು. ಫೋಟೊ ನೋಡಿಯೇ ಜನ ಆ ಮೂರನ್ನೂ ತೀರ್ಮಾನ ಮಾಡಿದ್ದರು.

ಆದ್ದರಿಂದ ನಿಮ್ಮಲ್ಲಿ ಯಾರಾದರೂ ಈ ಕೆಲಸಕ್ಕೆ ಇಳಿಯುವವರಿದ್ದರೆ ಒಂದು ಕೆಲಸ ಮಾಡಿ. ಫೋಟೊಗಳನ್ನು ಒಂದು ಫೋಲ್ಡರಿಗೆ, ಮಾತಿನ ಧ್ವನಿಮುದ್ರಣವನ್ನು ಇನ್ನೊಂದಕ್ಕೆ ಹಾಕಬೇಡಿ. ಒಂದೇ ಕಡೆ, ಒಂದೇ ನಂಬರಿನಲ್ಲಿ ಇಡಿ. ಕೆಳಗಿನ ಬರಹವನ್ನು ಅವರಿಂದಲೇ ಹೇಳಿಸಿ, ಅವರ ಭಾಷೆಯಲ್ಲೇ ಬರೆದುಕೊಂಡು, ಓದಿ ತೋರಿಸಿ. ಹೆಸರು ಹಾಕಬೇಕೋ ಬೇಡವೋ ಅನ್ನುವುದೂ ಅವರ ತೀರ್ಮಾನ. ಒಂದು ಪ್ರಿಂಟು ಮಾಡಿಸಿ ಅವರ ಕೈಗೆ ಕೊಡಿ. ಅದನ್ನು ಅವರು ಯಾರಿಗೆ ಕಳಿಸುತ್ತಾರೆ, ಯಾವ ಫೋಟೊವನ್ನು ಕಳಿಸದೆ ಇಟ್ಟುಕೊಳ್ಳುತ್ತಾರೆ ಅಂತ ಕೇಳಿದರೆ ನಿಮ್ಮ ಮುಂದಿನ ಸಂದರ್ಶನ ಶುರುವಾಯಿತು ಅಂತಲೇ ಲೆಕ್ಕ.